ಕರೆಂಟ್ ತೆಗೆದ ಬುಧವಾರ

ಮುನಿಶಾಮಿಯವರಿಗೂ ನನಗೂ ಜಗಳವಾಗಲಿಲ್ಲ ಎಂದರೆ ಇಬ್ಬರಲ್ಲಿ ಒಬ್ಬರು ರಜೆ ಎಂದು ಹಲಸೂರಿನ ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಅವರು ಮೂವತ್ತೊಂದು ವರ್ಷದಿಂದ ಇಲ್ಲಿ ಎಲೆಕ್ಟ್ರಿಷಿಯನ್. ನಾನು ಪ್ರಿಯದರ್ಶಿನಿ, ಒಂದೂವರೆ ವರ್ಷದ ಹಿಂದೆ ಬಂದ ಎಲೆಕ್ಟ್ರಿಕಲ್ ಎಂಜಿನಿಯರ್. ಊರು ಕಲಬುರಗಿ ಕಡೆ, ಸಿಟ್ಟು ಮೂಗಿನ ತುದಿಯಲ್ಲಿ. ಕಾಗದದ ಮೇಲೆ ಅವರು ನನ್ನ ಕೈಕೆಳಗಿನವರು. ಆ ಕಾಗದವನ್ನು ಯಾರೂ ಓದಿರಲಿಲ್ಲವಾದ್ದರಿಂದ ಅವರು ನನಗೆ ಬುದ್ಧಿ ಹೇಳುತ್ತಿದ್ದರು, ನಾನು ಎದುರು ಮಾತಾಡುತ್ತಿದ್ದೆ.

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ಹೊರಗಿನ ಕರೆಂಟ್ ಹೋದರೂ ಆಪರೇಷನ್ ಥಿಯೇಟರ್, ಐಸಿಯು, ಎಳೆಗೂಸುಗಳ ಐಸಿಯು, ಇಷ್ಟರಲ್ಲಿ ಮಾತ್ರ ಕರೆಂಟ್ ಹೋಗಬಾರದು. ಅದಕ್ಕೆ ಹಿತ್ತಲಿನ ಶೆಡ್ಡಿನಲ್ಲಿ ಒಂದು ದೊಡ್ಡ ಡೀಸೆಲ್ ಜನರೇಟರ್ ಇದೆ. ಅದರ ಲೈನು ಬರುವ ಕಡೆಯೆಲ್ಲ ಗೋಡೆಯ ಮೇಲೆ ಕೆಂಪು ಪ್ಲಗ್ ಪಾಯಿಂಟ್, ಉಳಿದ ಕಡೆ ಬಿಳಿ. ಜೀವ ಹಿಡಿದಿಡುವ ಮೆಷಿನ್ ಯಾವುದೇ ಇರಲಿ, ಕೆಂಪಿಗೇ ಹಾಕಬೇಕು ಎಂದು ಹೊಸ ನರ್ಸುಗಳಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ. ಆಮೇಲೆ ಕೆಂಪು ಕಂಡರೆ ಸಾಕು, ಯಾರೂ ಯೋಚಿಸುವುದಿಲ್ಲ.

ಆ ಜನರೇಟರನ್ನು ಮುನಿಶಾಮಿಯವರು ನೋಡಿಕೊಳ್ಳುತ್ತಿದ್ದ ರೀತಿಗೆ ನನಗೆ ನಗು ಬರುತ್ತಿತ್ತು. ಶುಕ್ರವಾರ ಕುಂಕುಮ ಇಡುವರು. ಬೇಸಿಗೆಯಲ್ಲಿ ಶೆಡ್ಡಿನ ತಗಡಿಗೆ ನೀರು ಹೊಡೆಸುವರು. ಹೊಗೆ ಕಪ್ಪಗೆ ಬಂದ ದಿನ ‘ಸ್ವಲ್ಪ ಶೀತ ಆಗಿದೆ ಅದಕ್ಕೆ’ ಎನ್ನುವರು. ಹೆತ್ತವರಿಗೆ ಹೆಗ್ಗಣ ಮುದ್ದು. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹದಿನೈದು ನಿಮಿಷ ಅದನ್ನು ಓಡಿಸಿ, ಪುಸ್ತಕದಲ್ಲಿ ಸಹಿ ಹಾಕಿ, ಕಾಫಿಗೆ ಹೋಗುವರು.

ನಮ್ಮ ಜಗಳದ ಬೇರು ಇದ್ದದ್ದು ಈ ಸೋಮವಾರದಲ್ಲೇ. ಅವರು ಓಡಿಸುತ್ತಿದ್ದದ್ದು ಖಾಲಿ ಜನರೇಟರನ್ನು. ಆಸ್ಪತ್ರೆಯ ಭಾರವನ್ನು ಅದರ ಮೇಲೆ ಒಂದು ದಿನವೂ ಹಾಕುತ್ತಿರಲಿಲ್ಲ. ಬರಿಗಾಡಿ ಎಳೆಸಿ, ಎತ್ತು ಗಟ್ಟಿಯಾಗಿದೆ ಎಂದ ಹಾಗೆ.

‘ತಿಂಗಳಿಗೊಮ್ಮೆ ಮೇನ್ ಕರೆಂಟ್ ಖರೇನೇ ತಗೀಬೇಕ್ರಿ ಕಾಕಾ,’ ಎನ್ನುತ್ತಿದ್ದೆ ನಾನು. ‘ಹಗಲಿನ್ಯಾಗ, ಎಲ್ಲಾರೂ ರೆಡಿ ನಿಂತು. ಆವಾಗ ಗೊತ್ತಾಗ್ತದ ಯಾವುದು ಹತ್ತತದ, ಯಾವುದು ಹತ್ತಂಗಿಲ್ಲ ಅಂತ.’

‘ಒಳಗಡೆ ಮಕ್ಕಳಿದಾವೆ. ಇರೋ ಕರೆಂಟ್‌ನ ನಾವಾಗೇ ತೆಗಿಯೋದಾ? ಇರಲಾರದೆ ಇರುವೆ ಬಿಟ್ಕೊಂಡ್ರಂತೆ. ಇನ್ನೊಂದು ಮಾತು, ನನ್ನ ಕಾಕಾ ಅನ್ಬೇಡ. ನಾನೇನ್ ಟೀ ಅಂಗಡಿ ಇಟ್ಟಿದೀನಾ.’

ನಮ್ಮ ಕಡೆ ಚಿಕ್ಕಪ್ಪನನ್ನು ಕಾಕಾ ಎನ್ನುತ್ತೇವೆ. ಬೆಂಗಳೂರಿನಲ್ಲಿ ಆ ಹೆಸರು ಕೇರಳದಿಂದ ಬಂದು ಟೀ ಅಂಗಡಿ ಇಟ್ಟವರಿಗೆ ಸೇರಿದ್ದು ಎಂದು ಅವರ ವಾದ. ನಾನು ಬಿಡಲಿಲ್ಲ, ಅವರು ಒಪ್ಪಲಿಲ್ಲ, ಕರೆದಾಗ ಓ ಎನ್ನುವುದನ್ನು ಮಾತ್ರ ತಪ್ಪಿಸಲಿಲ್ಲ.

ಅವರ ಇನ್ನೊಂದು ವಾದ ಗಟ್ಟಿಯಾಗಿತ್ತು. ನಮ್ಮ ಆಸ್ಪತ್ರೆಗೆ ಎರಡು ಕಡೆಯಿಂದ ಕರೆಂಟ್ ಬರುತ್ತದೆ. ಒಂದು ಲೈನು ಹೋದರೆ ಇನ್ನೊಂದು ತಾನಾಗಿ ಹಿಡಿದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಹೋಗಿ ಜನರೇಟರೇ ಗತಿ ಎಂದಾದದ್ದು ಯಾವಾಗ ಎಂದು ಕೇಳಿದರೆ ಯಾರಿಗೂ ಸರಿಯಾಗಿ ನೆನಪಿಲ್ಲ, ನಾಲ್ಕೋ ಐದೋ ವರ್ಷದ ಹಿಂದೆ. ‘ನೋಡ್ದ್ಯಾ,’ ಎನ್ನುವರು. ‘ನೋಡಿದೆ. ಅದಕ್ಕೇ ಹೆದರಿಕಿ ಬರ್ತದ,’ ಎನ್ನುವೆ.

ಇಷ್ಟೆಲ್ಲ ಕಿತ್ತಾಡಿ ಒಂದೂವರೆಗೆ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದೆವು. ಮುನಿಶಾಮಿಯವರು ಕೆ.ಆರ್. ಪುರದ ಆಚೆಯ ಹಳೆಯ ಹಳ್ಳಿಯವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹದಿನಾಲ್ಕು ಮಹಡಿ ಎದ್ದಿದೆ. ಮನೆ ಬಾಡಿಗೆಯಲ್ಲೇ ಕಾಲು ಚಾಚಿ ಬದುಕಬಹುದಾದ ಮನುಷ್ಯ. ಆದರೂ ದಿನಾ ಬಸ್ಸು ಹತ್ತಿ ಬರುವರು. ‘ಮನೇಲಿದ್ರೆ ಆಂಜನಮ್ಮನ ಕೈಲಿ ಬೈಸ್ಕೋಬೇಕು, ಇಲ್ಲಾದ್ರೆ ನಿನ್ ಕೈಲಿ, ಅಷ್ಟೇ ವ್ಯತ್ಯಾಸ’ ಎನ್ನುವರು. ಅವರ ಹೆಂಡತಿ ಆಂಜನಮ್ಮ ಕಟ್ಟಿಕೊಟ್ಟ ಮುದ್ದೆ, ಅವರೆಕಾಳಿನ ಸಾರು ಒಂದು ಕಡೆ. ನನ್ನ ಅವ್ವ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇನ್ನೊಂದು ಕಡೆ. ನಾನು ಮುದ್ದೆ ಅಗಿದರೆ ಅವರಿಗೆ ಸಿಟ್ಟು, ಅವರು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿದರೆ ನನಗೆ. ಬೈಯಪ್ಪನಹಳ್ಳಿಯಲ್ಲಿ ಅವ್ವನಿಗೂ ನನಗೂ ಬಾಡಿಗೆ ಕೋಣೆ ಹುಡುಕಿಕೊಟ್ಟವರೂ ಅವರೇ. ಮಾಲೀಕರು ಕೇಳಿದಾಗ ‘ನಮ್ಮ ಹುಡುಗಿ’ ಎಂದುಬಿಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಹಾಗೆ ಅಂದವರು ಇರಲಿಲ್ಲ. ಅವರ ಮೇಲೆ ನನಗೆ ತುಂಬ ಪ್ರೀತಿಯಿತ್ತು. ಪ್ರೀತಿ ಇದ್ದಲ್ಲಿ ನನಗೆ ಗಂಟಲು ಜೋರು.

ವರ್ಷವಿಡೀ ಬಡಿದಾಡಿದ ಮೇಲೆ ನನ್ನ ಮಾತು ಗೆದ್ದಿತು. ಮಕ್ಕಳ ಡಾಕ್ಟರ್ ವಕಾರ್ ಅವರು ಒಪ್ಪಿದರು. ತಿಂಗಳು ಮುಂಚೆಯೇ ದಿನ ಗೊತ್ತುಮಾಡಿದೆವು: ಬುಧವಾರ ಬೆಳಿಗ್ಗೆ ಹನ್ನೊಂದು, ಮೇನ್ ಕರೆಂಟ್ ತೆಗೆಯುವುದು. ಮುನಿಶಾಮಿಯವರು ಮೂರು ದಿನ ನನ್ನ ರೊಟ್ಟಿ ಮುಟ್ಟಲಿಲ್ಲ.

ಆ ಬುಧವಾರಕ್ಕೆ ಎಂಟು ದಿನ ಇರುವಾಗ ಅವರ ಮಗಳು ಸುಕನ್ಯಳಿಗೆ ಹೆರಿಗೆಯಾಯಿತು. ಒಂಬತ್ತು ವಾರ ಮೊದಲೇ. ಮಗು ಒಂದು ಕಿಲೋ ನಾನೂರು ಗ್ರಾಂ, ಹೆಣ್ಣು. ನಮ್ಮ ಆಸ್ಪತ್ರೆಯ ಎಳೆಗೂಸುಗಳ ಐಸಿಯುವಿನಲ್ಲಿ ಗೋಡೆಯಂಚಿನ ಆರನೆಯ ಜಾಗದಲ್ಲಿ ಮಲಗಿಸಿದರು. ಅದರ ಮೂಗಿಗೆ ಪುಟ್ಟ ಕೊಳವೆಯಿಟ್ಟು, ಉಸಿರಾಡಲು ಆಸರೆಯಾಗಿ ಒಂದು ಮೆಷಿನ್ ಗಾಳಿ ಊದುತ್ತಿತ್ತು.

ಮುನಿಶಾಮಿಯವರು ಕೆಲಸಕ್ಕೆ ಬರುತ್ತಲೇ ಇದ್ದರು, ಮಾತು ಮಾತ್ರ ನಿಂತಿತು. ಬಿಡುವಾದಾಗಲೆಲ್ಲ ಗಾಜಿನ ಗೋಡೆಯ ಹೊರಗೆ ನಿಂತಿರುವರು. ಅಲ್ಲಿನ ಹೆಡ್ ನರ್ಸ್ ನಾಜಿಶ್, ಶಿವಾಜಿನಗರದವರು, ದೊಡ್ಡ ಮನಸ್ಸಿನ ಹೆಂಗಸು, ದಿನಕ್ಕೊಮ್ಮೆ ಅವರಿಗೆ ಗೌನು ತೊಡಿಸಿ ಒಳಗೆ ಬಿಡುತ್ತಿದ್ದರು. ಅವರು ಮಗುವನ್ನು ಮುಟ್ಟುತ್ತಿರಲಿಲ್ಲ. ಕೈ ಒರಟು, ತರಚಿಬಿಟ್ಟೀತು ಎಂದು ಹಿಂದೆ ಕಟ್ಟಿಕೊಂಡು ನಿಲ್ಲುವರು.

ನನಗೆ ಧೈರ್ಯ ಹೋಯಿತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಒಂದು ವರ್ಷ ಕತ್ತಿ ಮಸೆದು ಪಡೆದ ಟೆಸ್ಟು. ಈಗ ಆ ಮಗುವಿನ ಕರೆಂಟನ್ನು ಈ ಅಜ್ಜನ ಕಣ್ಣೆದುರು ತೆಗೆಯುವುದೆಂದರೆ ನನ್ನ ಕೈಯಲ್ಲಿ ಆಗುವ ಮಾತಲ್ಲ. ಮಂಗಳವಾರ ಮಧ್ಯಾಹ್ನ ಶೆಡ್ಡಿಗೆ ಹೋದೆ. ಅವರು ಜನರೇಟರಿನ ಬ್ಯಾಟರಿಯ ತುದಿಗೆ ಹಿಡಿದ ಬಿಳಿ ಪುಡಿ ಕೆರೆದು, ವ್ಯಾಸಲೀನ್ ಸವರುತ್ತಿದ್ದರು.

‘ಕಾಕಾ, ನಾಳಿ ಬ್ಯಾಡ. ಮುಂದಿನ ತಿಂಗಳು ಮಾಡೂಣು. ಡಾಕ್ಟರಿಗೆ ನಾನೇ ಹೇಳ್ತೀನಿ.’

‘ಯಾಕೆ?’

‘ಯಾಕ ಅಂತ ಕೇಳ್ತೀರಲ್ಲ.’

ಅವರು ಕೈ ಒರೆಸಿಕೊಂಡು ಡೀಸೆಲ್ ಡ್ರಮ್ಮಿನ ಮೇಲೆ ಕೂತರು.

‘ಒಂದು ವಾರ ಆಯ್ತು ಕಣಮ್ಮ ನಾನು ಕಣ್ಣು ಮುಚ್ಚಿ,’ ಎಂದರು. ‘ಕರೆಂಟ್ ಹೋದ್ರೆ ಇದು ಎಳೆಯುತ್ತಾ, ಎಳೆಯಲ್ವಾ? ಇದೇ ಯೋಚನೆ. ಮೂವತ್ತೊಂದು ವರ್ಷ ಇದರ ಜೊತೆ ಇದೀನಿ, ಎಳೆಯುತ್ತೆ ಅಂತ ಗಟ್ಟಿಯಾಗಿ ಹೇಳಕ್ಕೆ ನಂಗೆ ಬಾಯಿ ಬರ್ತಿಲ್ಲ. ಆಮೇಲೆ ಅನ್ನಿಸ್ತು, ಇಷ್ಟು ವರ್ಷ ಒಳಗೆ ಬೇರೆಯವರ ಮಕ್ಕಳಿದ್ವಲ್ಲ, ಆಗ ನಂಗೆ ಹೆಂಗ್ ನಿದ್ದೆ ಬರ್ತಿತ್ತು ಅಂತ.’

ಅವರು ಎದ್ದು ವ್ಯಾಸಲೀನ್ ಡಬ್ಬಿಯ ಮುಚ್ಚಳ ಹಾಕಿದರು.

‘ನಾಳೇನೇ ಮಾಡು. ತೆಗೆಯೋದು ನಾನೇ. ನೀನು ಮೇಲಿರು, ಮಗು ಹತ್ರ. ನಾನು ಅಲ್ಲಿದ್ರೆ ಆಗಲ್ಲ.’

ಅಲ್ಲಿದ್ದ ಆರು ಮಕ್ಕಳ ತಾಯಂದಿರಿಗೂ ನಾಜಿಶ್ ಸಿಸ್ಟರ್ ಅಂದೇ ಸಂಜೆ ವಿಷಯ ಹೇಳಿದರು. ಸುಕನ್ಯ ಕೇಳಿದ್ದು ಒಂದೇ ಮಾತಂತೆ, ‘ಅಪ್ಪ ಇರ್ತಾರಾ?’ ಇರುತ್ತಾರೆ ಎಂದ ಮೇಲೆ ಸರಿ ಎಂದಳಂತೆ.

ಬುಧವಾರ ಹತ್ತೂಮುಕ್ಕಾಲಿಗೆ ನಾನು ಒಳಗಿದ್ದೆ. ಒಂದೊಂದು ಮಗುವಿನ ಪಕ್ಕ ಒಬ್ಬೊಬ್ಬ ನರ್ಸ್, ಎಲ್ಲರ ಕೈಯಲ್ಲೂ ಹಿಚುಕಿ ಗಾಳಿ ಕೊಡುವ ಚೀಲ. ಆರನೆಯ ಜಾಗಕ್ಕೆ ನಾಜಿಶ್ ಸಿಸ್ಟರ್ ತಾವೇ ನಿಂತಿದ್ದರು. ವಕಾರ್ ಡಾಕ್ಟರ್ ಮಧ್ಯದಲ್ಲಿ. ಸುಕನ್ಯ ಗಾಜಿನ ಆಚೆ ಗಾಲಿಕುರ್ಚಿಯಲ್ಲಿ. ನನ್ನ ಕಿವಿಯಲ್ಲಿ ಫೋನು, ಆ ತುದಿಯಲ್ಲಿ ಮುನಿಶಾಮಿಯವರು ಎರಡೂ ಲೈನಿನ ಮೇನ್ ಸ್ವಿಚ್ಚುಗಳ ಮುಂದೆ.

‘ಮೇಡಂ, ತೆಗೀಲಾ?’ ಎಂದರು. ಜನರೆದುರು ನಾನು ಯಾವಾಗಲೂ ಮೇಡಂ.

‘ತಗೀರಿ.’

ದೀಪ ಹೋಯಿತು. ಹಗಲಾದ್ದರಿಂದ ಕತ್ತಲೇನೂ ಆಗಲಿಲ್ಲ, ಎಸಿಯ ಸದ್ದು ನಿಂತದ್ದೇ ದೊಡ್ಡದಾಗಿ ಕೇಳಿಸಿತು. ಆರೂ ಮೆಷಿನ್‌ಗಳು ಒಟ್ಟಿಗೆ ಕೂಗತೊಡಗಿದವು. ಕರೆಂಟ್ ಹೋದಾಗ ಅವು ಒಳಗಿನ ಪುಟ್ಟ ಬ್ಯಾಟರಿಯ ಮೇಲೆ ನಡೆಯುತ್ತವೆ, ನಡೆಯುತ್ತಿದ್ದೇನೆ ಎಂದು ಕೂಗಿ ಹೇಳುತ್ತವೆ. ನಾನು ಎಣಿಸುತ್ತಿದ್ದೆ. ಏಳಕ್ಕೆ ಕೆಳಗೆ ಜನರೇಟರ್ ಗುಡುಗಿತು. ಹನ್ನೊಂದಕ್ಕೆ ದೀಪ ಬಂತು. ಭಾರ ಬಿದ್ದಾಗ ಅದರ ದನಿ ಒಮ್ಮೆ ಕುಗ್ಗಿ, ಮತ್ತೆ ಸರಿಯಾಯಿತು.

‘ಎಳೀತು,’ ಎಂದರು ಮುನಿಶಾಮಿಯವರು ಫೋನಿನಲ್ಲಿ. ‘ಎಳೀತು ಕಣಮ್ಮ, ಪೂರ್ತಿ ಎಳೀತು.’

ಒಂದು, ಎರಡು, ಮೂರು, ನಾಲ್ಕು, ಐದು ಮೆಷಿನ್‌ಗಳು ಕೂಗು ನಿಲ್ಲಿಸಿದವು. ಆರನೆಯದು ನಿಲ್ಲಿಸಲಿಲ್ಲ.

ನಾಜಿಶ್ ಸಿಸ್ಟರ್ ಮೆಷಿನ್ ನೋಡಿದರು, ನನ್ನನ್ನು ನೋಡಿದರು. ‘ಪ್ರಿಯಾ, ಇದಕ್ಕೆ ಕರೆಂಟ್ ಬಂದಿಲ್ಲ,’ ಎಂದರು, ಮಗು ಎದ್ದೀತೇನೋ ಎಂಬಷ್ಟು ಮೆಲ್ಲಗೆ. ಅನ್ನುತ್ತಲೇ ಪ್ಲಗ್ ಕಿತ್ತು ಪಕ್ಕದ ಜಾಗದ ಕೆಂಪು ಪಾಯಿಂಟಿಗೆ ಹಾಕಿದರು. ಕೂಗು ನಿಂತಿತು. ಎಲ್ಲ ಸೇರಿ ಅರ್ಧ ನಿಮಿಷ. ಮಗುವಿಗೆ ಏನೂ ಗೊತ್ತಾಗಲಿಲ್ಲ, ಕಾಲು ಒಂದಿಷ್ಟು ಜಾಡಿಸಿ ಮಲಗಿತು.

ನಾನು ಟೆಸ್ಟರ್ ತೆಗೆದು ಆ ಪಾಯಿಂಟಿಗೆ ಇಟ್ಟೆ. ಬೆಳಗಲಿಲ್ಲ. ಕಣ್ಣೆದುರು ಕೆಂಪಗೆ ಇದೆ, ಒಳಗೆ ಜೀವವಿಲ್ಲ.

‘ಬ್ಯಾಟರಿ ಎಷ್ಟು ಹೊತ್ತು ಬರ್ತಿತ್ತು ಸಿಸ್ಟರ್?’

‘ಇದು ಹಳೇ ಮೆಷಿನ್. ಹತ್ತು ನಿಮಿಷ ಬಂದ್ರೆ ಹೆಚ್ಚು.’ ಅವರು ಮಗುವಿನ ಹೊದಿಕೆ ಸರಿಮಾಡಿದರು. ‘ಇವತ್ತು ಮೊದಲೇ ಗೊತ್ತಿತ್ತು, ಹೊಳೀತು. ರಾತ್ರಿ ತಾನಾಗೇ ಹೋಗಿದ್ರೆ ನಾವು ಪಾಯಿಂಟ್ ನೋಡ್ತಾನೇ ಇರ್ಲಿಲ್ಲ ಬೇಟಾ. ಕೆಂಪಲ್ವಾ. ಮೆಷಿನ್ನೇ ಕೆಟ್ಟಿದೆ ಅಂತ ಇನ್ನೊಂದು ಮೆಷಿನ್ ತಂದು ಇದಕ್ಕೇ ಹಾಕ್ತಿದ್ವಿ.’

ಎರಡೂ ಲೈನನ್ನು ಮತ್ತೆ ಹಾಕಿಸಿ, ‘ಕಾಕಾ, ಮ್ಯಾಲ ಬರ್ರಿ’ ಎಂದೆ. ಗೌನು ಹಾಕಿಕೊಂಡು ಬಂದವರು ಮೊದಲು ಮಗುವನ್ನು ನೋಡಿದರು. ಆಮೇಲೆ ನಾನು ಬೆರಳು ಮಾಡಿದ ಪಾಯಿಂಟನ್ನು ನೋಡಿದರು. ನೋಡುತ್ತ ನೋಡುತ್ತ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಸ್ಕ್ರೂಡ್ರೈವರಿನಿಂದ ಪ್ಲೇಟು ಬಿಚ್ಚಿದರು. ಒಳಗಿನ ವೈರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಬಿಟ್ಟರು.

‘ಇದು ನಾನು ಹಾಕಿದ್ದು,’ ಎಂದರು.

ಒಂಬತ್ತು ವರ್ಷದ ಹಿಂದಿನ ಮಾತು. ಆಗ ಈ ಗೋಡೆ ಐಸಿಯುವಿನ ಒಳಗಿರಲಿಲ್ಲ, ಹೊರಗಿನ ಕಾರಿಡಾರಿನ ತುದಿಯಾಗಿತ್ತು. ಆಯುಧಪೂಜೆಗೆ ನರ್ಸುಗಳು ಅಲ್ಲೇ ಅಮ್ಮನವರ ಫೋಟೋ ಇಟ್ಟು ಅಲಂಕಾರ ಮಾಡುತ್ತಿದ್ದರು. ಸೀರಿಯಲ್ ಸೆಟ್ ದೀಪ ಹಾಕಲು ಹತ್ತಿರ ಪಾಯಿಂಟ್ ಇರಲಿಲ್ಲ. ಮುನಿಶಾಮಣ್ಣ, ಒಂದು ಪಾಯಿಂಟ್ ಕೊಡಿ ಎಂದು ಕೇಳಿದರು. ಅವರು ಕಾರಿಡಾರಿನ ಟ್ಯೂಬ್‌ಲೈಟಿನ ಜನರೇಟರ್ ಬಾರದ ಮಾಮೂಲಿ ಲೈನಿನಿಂದ ವೈರು ಎಳೆದು ಕೊಟ್ಟರು. ಸ್ಟೋರಿನಲ್ಲಿ ಬಿಳಿ ಪ್ಲೇಟು ಖಾಲಿಯಾಗಿತ್ತು, ಕೆಂಪು ಇತ್ತು.

‘ಅಮ್ಮನೋರ ಮುಂದೆ ತಾನೇ, ಕೆಂಪೇ ಲಕ್ಷಣ ಅಂದ್ಕೊಂಡೆ,’ ಎಂದರು. ‘ಹಬ್ಬ ಮುಗಿದ್ಮೇಲೆ ಬದಲಾಯಿಸೋಣ ಅಂತ. ಹಬ್ಬ ಮುಗೀತು.’

ಮೂರು ವರ್ಷದ ಹಿಂದೆ ಮಕ್ಕಳ ಐಸಿಯು ದೊಡ್ಡದು ಮಾಡುವಾಗ ಗಾಜಿನ ಗೋಡೆಯನ್ನು ಎಂಟಡಿ ಆಚೆಗೆ ಸರಿಸಿದರು. ಕಾರಿಡಾರಿನ ತುದಿ ಒಳಗೆ ಸೇರಿತು, ಪಾಯಿಂಟೂ ಸೇರಿತು. ಅಂದಿನಿಂದ ಆ ಜಾಗದಲ್ಲಿ ಎಷ್ಟು ಕೂಸುಗಳು ಮಲಗೆದ್ದವೋ, ಎಲ್ಲವೂ ದೇವರ ದಯೆಯಿಂದ ಮನೆಗೆ ಹೋಗಿವೆ. ಎರಡೂ ಲೈನು ಒಟ್ಟಿಗೆ ಹೋಗಲಿಲ್ಲ, ಅಷ್ಟೇ.

‘ಗೋಡೆ ಸರಿಸೋವಾಗ ನಾನೇ ನಿಂತಿದ್ದೆ ಇಲ್ಲಿ. ತಲೆಗೇ ಬರ್ಲಿಲ್ಲ.’

ಅವರನ್ನು ಬೈಯುವ ಅರ್ಹತೆ ನನಗಿರಲಿಲ್ಲ. ಹೋದ ವರ್ಷ ಬಂದ ಹೊಸತರಲ್ಲಿ ಈ ಕೋಣೆಯ ಕೆಂಪು ಪಾಯಿಂಟುಗಳನ್ನು ನಾನೇ ಎಣಿಸಿದ್ದೆ. ನಕ್ಷೆಯಲ್ಲಿ ಹನ್ನೊಂದು, ಗೋಡೆಯ ಮೇಲೆ ಹನ್ನೆರಡು. ನಕ್ಷೆ ಹಳೆಯದು ಎಂದುಕೊಂಡು ಪೆನ್ನಿನಿಂದ ಹನ್ನೆರಡು ಎಂದು ತಿದ್ದಿ, ಕೆಳಗೆ ಸಹಿ ಹಾಕಿದ್ದೆ. ಅವರ ಸಹಿಗಳನ್ನು ಆಡಿಕೊಳ್ಳುತ್ತಿದ್ದ ನಾನು. ಪ್ಲೇಟು ಬಿಚ್ಚಿ ವೈರು ಎಲ್ಲಿಂದ ಬಂದಿದೆ ಎಂದು ನೋಡಲು ಸ್ಕ್ರೂಡ್ರೈವರ್ ಆವತ್ತೂ ನನ್ನ ಜೇಬಿನಲ್ಲೇ ಇತ್ತು. ಇದನ್ನು ಅವರಿಗೆ ಹೇಳಿದೆ. ಹೇಳುವಾಗ ಅಳು ಬಂತು, ತಡೆಯಲಿಲ್ಲ.

‘ಅಳ್ಬೇಡ ಸುಮ್ನಿರು. ರಿಪೋರ್ಟ್ ಬರಿ,’ ಎಂದರು.

‘ಹಳೇ ವೈರಿಂಗ್ ದೋಷ ಅಂತ ಬರೀತೀನ್ರಿ. ಅಷ್ಟು ಸಾಕು.’

‘ಹಳೇ ವೈರಿಂಗ್ ತಾನಾಗೇ ಬೆಳೀತಾ? ಮುನಿಶಾಮಿ ಹಾಕಿದ್ದು ಅಂತ ಬರಿ.’

ಬರೆದೆ. ಅದರ ಕೆಳಗೆ, ಪ್ರಿಯದರ್ಶಿನಿ ಪರೀಕ್ಷಿಸದೆ ಒಪ್ಪಿದ್ದು ಎಂದೂ ಬರೆದೆ. ಅವರು ಓದಿ, ಎರಡನೆಯ ಸಾಲನ್ನು ಹೊಡೆದುಹಾಕಲು ಪೆನ್ನು ಕೇಳಿದರು. ನಾನು ಪೆನ್ನು ಕೊಡಲಿಲ್ಲ. ಅಲ್ಲೇ ಒಂದು ಸಣ್ಣ ಜಗಳವಾಯಿತು, ನಾಜಿಶ್ ಸಿಸ್ಟರ್ ಇಬ್ಬರನ್ನೂ ಹೊರಗೆ ಕಳಿಸಿದರು.

ಹೊರಗೆ ಸುಕನ್ಯ ಕಾಯುತ್ತಿದ್ದಳು. ಗಾಜಿನಿಂದ ಎಲ್ಲ ಕಂಡಿತ್ತು, ಏನೆಂದು ತಿಳಿದಿರಲಿಲ್ಲ.

‘ಅಪ್ಪ, ಕೊನೇಲಿ ಒಂದು ಬಡ್ಕೋತಾನೇ ಇತ್ತಲ್ಲ. ನಮ್ ಪಾಪೂದಲ್ವಾ ಅದು?’

ಮೆಷಿನ್ ಹಳೆಯದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಆ ಮಾತನ್ನು ಬಾಯಿಯವರೆಗೆ ತಂದುಕೊಂಡಿದ್ದೆ. ಮುನಿಶಾಮಿಯವರು ಮಗಳ ಕುರ್ಚಿಯ ಮುಂದೆ ನಿಂತು ಪೂರ್ತಿ ಹೇಳಿದರು: ಹಬ್ಬ, ಸೀರಿಯಲ್ ಸೆಟ್, ಕೆಂಪು ಪ್ಲೇಟು, ಗೋಡೆ. ‘ನಾನು ಹಾಕಿದ್ದೇ ಸುಕನ್ಯ. ಎಂಟು ದಿನದಿಂದ ಪಾಪೂನ ಅದಕ್ಕೇ ಹಾಕಿದ್ರು,’ ಎಂದರು. ಅವರ ಕೈಗಳು ಬೆನ್ನ ಹಿಂದಿದ್ದವು.

ಸುಕನ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳು ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಿದ್ದರೂ ನ್ಯಾಯವೇ.

‘ಈಗ ಸರಿ ಮಾಡಿದೀರಾ?’ ಎಂದಳು ಕೊನೆಗೆ.

‘ಅದನ್ನ ಕಿತ್ತಾಕ್ದೆ. ಪಾಪೂದು ಈಗ ಸರಿಯಾದ ಲೈನಲ್ಲಿದೆ, ಮೇಡಂ ಚೆಕ್ ಮಾಡಿದ್ರು.’

‘ಮುಂದಿನ ತಿಂಗಳೂ ಹಿಂಗೆ ಕರೆಂಟ್ ತೆಗೀತೀರಾ?’

‘ನೀನು ಬೇಡ ಅಂದ್ರೆ ತೆಗಿಯಲ್ಲಮ್ಮ. ನಾನು ಈ ಕೆಲಸಾನೇ ಬಿಟ್ಬಿಡ್ತೀನಿ.’

‘ಅಷ್ಟೊತ್ತಿಗೆ ನಾವು ಮನೇಲಿರ್ತೀವಿ,’ ಎಂದಳು ಸುಕನ್ಯ. ಅವಳು ನೋಡುತ್ತಿದ್ದದ್ದು ಅಪ್ಪನನ್ನಲ್ಲ, ಗಾಜಿನಾಚೆಯ ಆರನೆಯ ಜಾಗವನ್ನು. ‘ಅಲ್ಲಿ ಇನ್ನೊಂದು ಪಾಪು ಬಂದಿರುತ್ತೆ. ಅದಕ್ಕೆ ಎಲೆಕ್ಟ್ರಿಷಿಯನ್ ತಾತ ಇರಲ್ಲ. ಕೆಲಸ ಬಿಡೋದೇನೂ ಬೇಡ, ತೆಗೀರಿ ಅಪ್ಪ.’

ಮುನಿಶಾಮಿಯವರು ಹೂಂ ಎಂದರು. ಆಮೇಲೆ ನಾವಿಬ್ಬರೂ ಸ್ಕ್ರೂಡ್ರೈವರ್ ಹಿಡಿದು ಪಕ್ಕದ ಐಸಿಯುಗೆ ಹೋಗಿ, ಒಂದೊಂದರ ವೈರು ಎಲ್ಲಿಂದ ಬಂದಿದೆ ಎಂದು ನೋಡಲು ಮೊದಲ ಕೆಂಪು ಪಾಯಿಂಟಿನ ಮುಂದೆ ಕೂತೆವು.